ಗಣಿಯ ಹುಳಿ ನೀರಿಗೆ ಉಕ್ಕಿನ ಕಿಟ್ಟ: ಒಂದು ಅಧ್ಯಯನ ಟಿಪ್ಪಣಿ

ಈ ಪಾಠ ಓದುವಾಗ ಸುಲಭವಾಗಿ ಎಡವುವ ಜಾಗ ಒಂದಿದೆ. ‘ಗಣಿ ನೀರು ಆಮ್ಲ, ಸ್ಲ್ಯಾಗ್ (ಉಕ್ಕು ತಯಾರಿಸುವಾಗ ಉಳಿಯುವ ಕಿಟ್ಟ) ಕ್ಷಾರ, ಎರಡನ್ನೂ ಸೇರಿಸಿದರೆ ಆಯ್ತು’ ಎಂದು ಬರೆದುಬಿಡುತ್ತೇವೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಹೊಳೆ ದಂಡೆಯಲ್ಲಿ ಹಾಗೆ ಮಾಡಿದರೆ ಸ್ವಲ್ಪ ಕಾಲಕ್ಕೇ ಕೆಲಸ ಕೆಡುತ್ತದೆ. ಯಾಕೆ ಅಂತ ಅರ್ಥವಾದರೆ ಉಳಿದದ್ದು ತಾನಾಗಿ ನೆನಪಿರುತ್ತದೆ.

ಮೊದಲು, ಹುಳಿ ಎಲ್ಲಿಂದ ಬಂತು? ಕಲ್ಲಿದ್ದಲು, ತಾಮ್ರ, ಸತುವಿನ ಗಣಿಗಳಲ್ಲಿ ಪೈರೈಟ್ ಇರುತ್ತದೆ. ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ ಅದು. ನೆಲದೊಳಗೆ ತೆಪ್ಪಗಿರುತ್ತದೆ. ಅಗೆದು ಹೊರಹಾಕಿದಾಗ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಜೊತೆಗೆ ಫೆರಸ್ ಕಬ್ಬಿಣ ನೀರಿಗೆ ಇಳಿಯುತ್ತದೆ. ಅಸಿಡಿಥಿಯೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಅದನ್ನು ಬೇಗಬೇಗ ಫೆರಿಕ್, ಅಂದರೆ ಇನ್ನಷ್ಟು ಆಕ್ಸಿಡೀಕರಣಗೊಂಡ ಕಬ್ಬಿಣ, ಮಾಡುತ್ತದೆ. ಆ ಫೆರಿಕ್ ಕಬ್ಬಿಣ ಮತ್ತೆ ಪೈರೈಟನ್ನೇ ತಿನ್ನುತ್ತದೆ. ಒಮ್ಮೆ ಈ ಚಕ್ರ ಶುರುವಾದರೆ, ಗಣಿಗೆ ಬೀಗ ಹಾಕಿದ ಮೇಲೂ ನಿಲ್ಲುವುದಿಲ್ಲ. ಹುಳಿಯ ಅಳತೆ ಪಿಎಚ್; ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯೊಳಗೆ ಪಿಎಚ್ −3.6 ಸಿಕ್ಕಿದೆ. ಸೊನ್ನೆಗಿಂತಲೂ ಕೆಳಗೆ!

ನಮ್ಮಲ್ಲಿ ಒಂದು ಗೊಂದಲ ಆಗುತ್ತದೆ. ಸಂಡೂರಿನಲ್ಲಿ ಮಳೆ ಬಂದರೆ ಹರಿಯುವ ಕೆಂಪು ನೀರು ಈ ಜಾತಿಯದಲ್ಲ. ಅಲ್ಲಿನ ಹೆಮಟೈಟ್ ಆಗಲೇ ಆಕ್ಸೈಡ್, ಆಮ್ಲ ಹುಟ್ಟಿಸುವ ಗಂಧಕ ಅದರಲ್ಲಿಲ್ಲ. ಅದು ಕೆಮ್ಮಣ್ಣಿನ ಸಮಸ್ಯೆ. ಹುಳಿ ನೀರು ನೋಡಬೇಕಾದರೆ ಮೇಘಾಲಯದ ಜಯಂತಿಯಾ ಬೆಟ್ಟಗಳ ಕಲ್ಲಿದ್ದಲು ಪ್ರದೇಶಕ್ಕೆ ಹೋಗಬೇಕು.

ಇನ್ನು ಔಷಧ. ಸಾಮಾನ್ಯವಾಗಿ ಸುಣ್ಣದ ಕಲ್ಲು ಹಾಕುತ್ತಾರೆ. ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ನೀರು ಅದರ ಮೇಲೆ ಹರಿದಾಗ ಕಲ್ಲಿನ ಸುತ್ತ ಪಿಎಚ್ ಏರುತ್ತದೆ. ಲೋಹಗಳು ಅಲ್ಲೇ ಕೂರುತ್ತವೆ. ಪಾತ್ರೆಗೆ ಕಲಾಯಿ ಹಾಕಿದ ಹಾಗೆ ಕಲ್ಲಿಗೆ ಹಳದಿ-ಕಿತ್ತಳೆ ಪದರ ಬಂದುಬಿಡುತ್ತದೆ. ಅಮೆರಿಕದ ಗಣಿ ಊರುಗಳಲ್ಲಿ ಈ ಬಣ್ಣದ ಗಸಿಗೆ ‘ಯೆಲ್ಲೋ ಬಾಯ್’ ಅನ್ನುತ್ತಾರೆ. ಒಳಗೆ ಸುಣ್ಣ ಇನ್ನೂ ಇದೆ, ಆದರೆ ನೀರಿಗೆ ಸಿಗುವುದಿಲ್ಲ. ಉಕ್ಕಿನ ಕಿಟ್ಟವನ್ನು ನೇರವಾಗಿ ಹುಳಿ ನೀರಿಗೆ ಹಾಕಿದರೂ ಇದೇ ಗತಿ.

ವೆಸ್ಟ್ ವರ್ಜಿನಿಯಾ ಮತ್ತು ಓಹಾಯೋದಲ್ಲಿ ಇದಕ್ಕೊಂದು ಚಂದದ ಉಪಾಯ ಮಾಡಿದರು. ನನಗೆ ಇಡೀ ಪಾಠದಲ್ಲಿ ಬಹಳ ಇಷ್ಟವಾದ ಭಾಗ ಇದೇ. ಕಿಟ್ಟದ ಹಾಸಿಗೆಗೆ ಹುಳಿ ನೀರನ್ನು ಬಿಡುವುದೇ ಇಲ್ಲ. ಮೇಲಿನಿಂದ ಬರುವ ಶುದ್ಧ ನೀರನ್ನು ಅದರ ಮೂಲಕ ಹರಿಸುತ್ತಾರೆ. ಅದರಲ್ಲಿ ಲೋಹ ಇಲ್ಲ, ಹಾಗಾಗಿ ಪದರ ಕಟ್ಟುವುದಿಲ್ಲ. ನೀರು ಕ್ಷಾರ ಹೊತ್ತುಕೊಂಡು ಹೊರಬರುತ್ತದೆ. ಕೆಳಗೆ ಹುಳಿ ಹೊಳೆಗೆ ಸೇರುತ್ತದೆ. ಲೋಹಗಳು ಕೂರುವುದು ಅಲ್ಲಿ, ಅಥವಾ ಅದಕ್ಕಾಗಿಯೇ ತೋಡಿದ ಹೊಂಡದಲ್ಲಿ. ಓಹಾಯೋದ ರಕೂನ್ ಕ್ರೀಕ್ ಕಣಿವೆಯಲ್ಲಿ ಇಂಥ ಹಾಸಿಗೆಗಳಿವೆ.

ಸುಮ್ನೆ ಸುಣ್ಣದ ಪುಡಿ ಯಾಕಾಗಬಾರದು? ಪುಡಿ ಸಕ್ಕರೆಗೂ ಕಲ್ಲುಸಕ್ಕರೆಗೂ ಇರುವ ವ್ಯತ್ಯಾಸ ಇಲ್ಲೂ ಇದೆ. ಸುಟ್ಟ ಸುಣ್ಣ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಕಿಟ್ಟದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಸಿಲಿಕೇಟ್ ರೂಪದಲ್ಲಿ ಇರುವುದರಿಂದ ಮೆಲ್ಲಗೆ ಬಿಟ್ಟುಕೊಡುತ್ತದೆ. ಸುಣ್ಣದ ಕಲ್ಲಿಗಿಂತ ಎಷ್ಟೋ ಜಾಸ್ತಿ ಕ್ಷಾರವನ್ನೂ ಕೊಡುತ್ತದೆ.

ಈಗ ಲೆಕ್ಕ. ಪಿಎಚ್ ನೋಡಿ ಎಷ್ಟು ಕ್ಷಾರ ಬೇಕು ಅಂತ ಹೇಳಲು ಆಗುವುದಿಲ್ಲ. ಕರಗಿದ ಲೋಹವೂ ಆಮ್ಲವೇ, ಯಾಕಂದರೆ ಅದು ಕೂರುವಾಗ ಆಮ್ಲ ಬಿಡುತ್ತದೆ. ಒಂದು ನೀರಿನ ಪಿಎಚ್ 3 ಇರಲಿ. ಲೀಟರಿಗೆ ಫೆರಸ್ ಕಬ್ಬಿಣ 56 ಮಿಲಿಗ್ರಾಂ, ಅಲ್ಯೂಮಿನಿಯಂ 27 ಮಿಲಿಗ್ರಾಂ ಇರಲಿ. ಲೋಹದ ತೂಕವನ್ನು ಅದರ ಪರಮಾಣು ತೂಕದಿಂದ (ಕಬ್ಬಿಣ 56, ಅಲ್ಯೂಮಿನಿಯಂ 27) ಭಾಗಿಸಿ, ಅಯಾನಿನ ವಿದ್ಯುದಂಶದಿಂದ (2 ಅಥವಾ 3) ಗುಣಿಸಬೇಕು; 50 ಅನ್ನುವುದು ಕ್ಯಾಲ್ಸಿಯಂ ಕಾರ್ಬೊನೇಟಿನ ಸಮಾನ ತೂಕ. ಪಿಎಚ್ 3 ಅಂದರೆ ಲೀಟರಿಗೆ 1 ಮಿಲಿಮೋಲ್ ಹೈಡ್ರೋಜನ್ ಅಯಾನು.

ಕಬ್ಬಿಣ: 56 ÷ 56 × 2 × 50 = 100
ಅಲ್ಯೂಮಿನಿಯಂ: 27 ÷ 27 × 3 × 50 = 150
ಹೈಡ್ರೋಜನ್ ಅಯಾನು: 1 × 50 = 50

ಒಟ್ಟು 300 ಮಿಲಿಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಪಿಎಚ್ ತೋರಿಸಿದ್ದು ಆರರಲ್ಲಿ ಒಂದು ಪಾಲು ಮಾತ್ರ! ಸೆಕೆಂಡಿಗೆ 1 ಲೀಟರ್ ಹರಿದರೆ ದಿನಕ್ಕೆ 86,400 ಲೀಟರ್, ಅಂದರೆ ಸುಮಾರು 26 ಕೆಜಿ ಆಮ್ಲದ ಹೊರೆ. ಕಿಟ್ಟದ ಹಾಸಿಗೆಯಿಂದ ಬರುವ ನೀರಿನಲ್ಲಿ ಲೀಟರಿಗೆ 1,500 ಮಿಲಿಗ್ರಾಂ ಕ್ಷಾರ ಇದ್ದರೆ, ಸೆಕೆಂಡಿಗೆ 0.2 ಲೀಟರ್ ಸಾಕು.

ಎಚ್ಚರ ತಪ್ಪಬಾರದ ಜಾಗಗಳೂ ಇವೆ. ಹಾಸಿಗೆಯ ಬಾಯಲ್ಲಿ ಕ್ಷಾರದ ನೀರಿಗೆ ಗಾಳಿ ತಾಗಿದರೆ ಸುಣ್ಣ ಗಟ್ಟಿಯಾಗಿ ಪೈಪ್ ಕಟ್ಟಿಕೊಳ್ಳುತ್ತದೆ. ಕ್ಷಾರ ಅತಿಯಾದರೂ ಕಷ್ಟ: ಪಿಎಚ್ 9 ದಾಟಿದರೆ ಕೂತ ಅಲ್ಯೂಮಿನಿಯಂ ಮತ್ತೆ ಕರಗತೊಡಗುತ್ತದೆ. ಕಿಟ್ಟದಿಂದ ಕ್ರೋಮಿಯಂನಂಥ ಲೋಹ ಬಿಡುತ್ತದೆಯೇ ಅಂತ ಪರೀಕ್ಷೆ ಮಾಡದೆ ಹಾಸಿಗೆ ಹಾಕಲೇಬಾರದು. ಊರಿನ ಒಂದು ವಿಷ ತೆಗೆಯಲು ಹೋಗಿ ಇನ್ನೊಂದನ್ನು ಇಳಿಸಿದರೆ ಅದು ಅನ್ಯಾಯ.

ಇದೇ ಕೆಲಸಕ್ಕೆ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ, ಅಲ್ಯೂಮಿನಾ ಕಾರ್ಖಾನೆಗಳ ಕೆಂಪು ಕೆಸರು ಕೂಡ ಬಳಕೆಗೆ ಬಂದಿವೆ. ಎಲ್ಲ ಹಾರುಬೂದಿಯಲ್ಲೂ ಸುಣ್ಣ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಅದರ ಆರ್ಸೆನಿಕ್, ಸೆಲೆನಿಯಂ ಕ್ಷಾರದಲ್ಲೂ ಕರಗುತ್ತವೆ ಅನ್ನುವುದನ್ನು ಮರೆಯಬೇಡಿ. ತೋರಣಗಲ್ಲಿನ ಕಿಟ್ಟ, ಬೆಳಗಾವಿಯ ಕೆಂಪು ಕೆಸರು ನಮ್ಮ ಕಣ್ಣೆದುರೇ ಇವೆ. ಆದರೆ ಹುಳಿ ಗಣಿ ದೂರ ಇದ್ದರೆ ಲಾರಿ ಬಾಡಿಗೆಯೇ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಅಮೆರಿಕದ ಆ ಭಾಗದಲ್ಲಿ ಉಕ್ಕಿನ ಕಾರ್ಖಾನೆ ಮತ್ತು ಹಳೆಯ ಕಲ್ಲಿದ್ದಲು ಗಣಿ ಅಕ್ಕಪಕ್ಕದ ಜಿಲ್ಲೆಗಳಲ್ಲಿ ಇರುವುದು ದೊಡ್ಡ ಅನುಕೂಲ.

ಒಂದು ಲೆಕ್ಕ ನೀವೇ ಮಾಡಿ ನೋಡಿ. ಪಿಎಚ್ 4, ಲೀಟರಿಗೆ ಫೆರಸ್ ಕಬ್ಬಿಣ 112 ಮಿಲಿಗ್ರಾಂ, ಅಲ್ಯೂಮಿನಿಯಂ 54 ಮಿಲಿಗ್ರಾಂ. ಪಿಎಚ್ 4ರಲ್ಲಿ ಹೈಡ್ರೋಜನ್ ಅಯಾನಿಗೆ 1ರ ಬದಲು 0.1 ಹಾಕಿ. ಉತ್ತರ 505 ಬರಬೇಕು. ಪಿಎಚ್ 3ರ ನೀರಿಗಿಂತ ಜಾಸ್ತಿ, ಅಲ್ವಾ?