ಹಸುವಿನ ಬೆದೆಯೂ ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ನೂ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸುಗಳು ಕೊಟ್ಟಿಗೆ ಬಿಟ್ಟು ಹೊರಬರುವುದೇ ಕಡಿಮೆ. ಕಟ್ಟಿದ ಹಸು ಇನ್ನೊಂದರ ಮೇಲೆ ಹತ್ತಲಾರದು, ಕೂಗಿದರೂ ಮಳೆಯ ಸದ್ದಿನಲ್ಲಿ ಮನೆಗೆ ಕೇಳಿಸದು. ಬೆದೆ ಗೊತ್ತಾಗದೆ ಕಳೆದರೆ ಮತ್ತೆ 21 ದಿನ ಕಾಯಬೇಕು. ಆಗ ಮನೆಯವರು ಕೇಳುವ ಮಾತು ಒಂದೇ: "ಹೀಟಿಗೆ ಬರೋ ಇಂಜೆಕ್ಷನ್ ಕೊಡಿ ಡಾಕ್ಟ್ರೇ." ಕಲಿಯುವವರ ಎಡವಟ್ಟು ಶುರುವಾಗುವುದೂ ಈ ಹೆಸರಿನಿಂದಲೇ. ಈ ಮದ್ದು, ಅಂದರೆ ಪ್ರೋಸ್ಟಾಗ್ಲಾಂಡಿನ್, ನೇರವಾಗಿ ಬೆದೆ ತರಿಸುವುದಿಲ್ಲ. ಅಂಡಾಶಯದ ಮೇಲಿರುವ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟನ್ನು ಕರಗಿಸುತ್ತದೆ. ಕರಗಬೇಕಾದರೆ ಗಂಟು ಅಲ್ಲಿರಬೇಕಲ್ಲ!

ಇದನ್ನು ಹಾರ್ಮೋನ್ ಎನ್ನದೆ ಹಾರ್ಮೋನಿನಂಥ ವಸ್ತು ಎನ್ನುವುದಕ್ಕೆ ಕಾರಣವಿದೆ. ಹಾರ್ಮೋನಿಗೆ ಅದರದೇ ಗ್ರಂಥಿ ಇರುತ್ತದೆ, ರಕ್ತದಲ್ಲಿ ದೂರ ಹೋಗಿ ಕೆಲಸ ಮಾಡುತ್ತದೆ. ಪ್ರೋಸ್ಟಾಗ್ಲಾಂಡಿನ್ ದೇಹದ ಬಹುತೇಕ ಜೀವಕೋಶಗಳಲ್ಲಿ, ಕೋಶಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲದಿಂದ, ಬೇಕಾದಾಗ ಬೇಕಾದಲ್ಲೇ ತಯಾರಾಗುತ್ತದೆ. ಆ ತಯಾರಿಗೆ ಬೇಕಾದ ಕಿಣ್ವ ಸೈಕ್ಲೋಆಕ್ಸಿಜನೇಸ್. ರಕ್ತಕ್ಕೆ ಸೇರಿದ ಪ್ರೋಸ್ಟಾಗ್ಲಾಂಡಿನ್‌ನ ಬಹುಪಾಲು ಶ್ವಾಸಕೋಶ ದಾಟುವಷ್ಟರಲ್ಲಿ ನಿಷ್ಕ್ರಿಯವಾಗುತ್ತದೆ. 1930ರ ದಶಕದಲ್ಲಿ ವೀರ್ಯದಲ್ಲಿ ಇದನ್ನು ಗುರುತಿಸಿದ ಸ್ವೀಡನ್ನಿನ ವಿಜ್ಞಾನಿ ಉಲ್ಫ್ ಫಾನ್ ಆಯ್ಲರ್, ಪ್ರಾಸ್ಟೇಟ್ ಗ್ರಂಥಿಯದು ಎಂದುಕೊಂಡು ಈ ಹೆಸರಿಟ್ಟರು. ಊಹೆ ಸರಿಯಿರಲಿಲ್ಲ, ಹೆಸರು ಮಾತ್ರ ಉಳಿದುಬಿಟ್ಟಿತು.

ಶ್ವಾಸಕೋಶದಲ್ಲೇ ಹಾಳಾಗುವುದಾದರೆ ಗರ್ಭಕೋಶ ತಯಾರಿಸುವ, ಗಂಟು ಕರಗಿಸುವ ಬಗೆಯಾದ ಪ್ರೋಸ್ಟಾಗ್ಲಾಂಡಿನ್ ಎಫ್2 ಆಲ್ಫಾ ಅಂಡಾಶಯ ತಲುಪುವುದು ಹೇಗೆ? ಹಸು, ಕುರಿಗಳಲ್ಲಿ ಅಂಡಾಶಯದ ಅಪಧಮನಿ ಗರ್ಭಕೋಶದ ಅಭಿಧಮನಿಗೆ ಅಂಟಿಕೊಂಡು ಸುರುಳಿಯಾಗಿ ಸಾಗುತ್ತದೆ. ಅಭಿಧಮನಿಯಿಂದ ಅಪಧಮನಿಗೆ ಅದು ನೇರವಾಗಿ ಜಿನುಗುತ್ತದೆ, ಇಡೀ ದೇಹ ಸುತ್ತಬೇಕಿಲ್ಲ. ಬೆದೆಯಿಂದ ಬೆದೆಗೆ 21 ದಿನದ ಚಕ್ರದಲ್ಲಿ 16-17ನೇ ದಿನದ ಹೊತ್ತಿಗೆ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಗರ್ಭಕೋಶವನ್ನು ಕೆಣಕಿ ಎಫ್2 ಆಲ್ಫಾವನ್ನು ಅಲೆಅಲೆಯಾಗಿ ಬಿಡಿಸುತ್ತದೆ. ಗಂಟು ಕುಗ್ಗುತ್ತದೆ, ಅದು ಸ್ರವಿಸುತ್ತಿದ್ದ, ಬೆದೆ ತಡೆದು ಗಬ್ಬ ಕಾಯುವ ಪ್ರೊಜೆಸ್ಟರಾನ್ ಇಳಿಯುತ್ತದೆ, ಕೋಶಿಕೆ (ಅಂಡವಿರುವ ಗುಳ್ಳೆ) ಬೆಳೆದು ಬೆದೆ ತರುವ ಈಸ್ಟ್ರೋಜನ್ ಏರುತ್ತದೆ, ಆಗ ಬೆದೆ. ಗಬ್ಬ ನಿಂತಿದ್ದರೆ ಭ್ರೂಣವು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಸ್ರವಿಸಿ ಈ ಅಲೆಗಳನ್ನು ತಡೆಯುತ್ತದೆ.

ಈಗ ಲೆಕ್ಕ. ಬೆದೆಯ ದಿನವನ್ನು 0 ಎನ್ನಿ. 5ನೇ ದಿನದವರೆಗೆ ಗಂಟು ಎಳೆಯದು, ಮದ್ದಿಗೆ ಜಗ್ಗುವುದಿಲ್ಲ. 6ರಿಂದ 16ರವರೆಗೆ ಜಗ್ಗುತ್ತದೆ. 17ರ ನಂತರ ತಾನಾಗಿಯೇ ಕರಗುತ್ತಿರುತ್ತದೆ. ಯಾವ ದಿನವೆಂದು ಗೊತ್ತಿಲ್ಲದ ಹಸುಗಳಿಗೆ 11 ದಿನದ ಅಂತರದಲ್ಲಿ ಎರಡು ಇಂಜೆಕ್ಷನ್ ಹೇಳುವುದು ಇದಕ್ಕೇ. ಮೊದಲ ಸಲ 3ನೇ ದಿನದಲ್ಲಿದ್ದದ್ದು ಎರಡನೆಯದಕ್ಕೆ 14ರಲ್ಲಿರುತ್ತದೆ. 18ರಲ್ಲಿದ್ದದ್ದು ತಾನೇ ಬೆದೆಗೆ ಬಂದು 8ಕ್ಕೆ ತಲುಪಿರುತ್ತದೆ. ಮದ್ದಿಗೆ ಬೆದೆ ಬಂದದ್ದೂ 6-9ರ ನಡುವೆ ಇರುತ್ತದೆ. ಎಲ್ಲವೂ ಜಗ್ಗುವ ಅವಧಿಯೊಳಗೇ. ಈ ಗಣಿತವನ್ನು ಒಮ್ಮೆ ಕೈಯಾರೆ ಬರೆದು ನೋಡಿ, ಬಾಯಿಪಾಠ ಬೇಕಾಗದು.

ಡೋಸ್: ಡೈನೋಪ್ರಾಸ್ಟ್ (ಎಫ್2 ಆಲ್ಫಾವೇ) ಆದರೆ 25 ಮಿಲಿಗ್ರಾಂ, ಕ್ಲೋಪ್ರೊಸ್ಟೆನಾಲ್ (ಅದರ ಕೃತಕ ರೂಪ) ಆದರೆ 500 ಮೈಕ್ರೋಗ್ರಾಂ, ಸ್ನಾಯುವಿಗೆ. ಬೆದೆ 2ರಿಂದ 5 ದಿನದೊಳಗೆ. ಇಷ್ಟು ವ್ಯತ್ಯಾಸ ಯಾಕೆಂದರೆ ಗಂಟು ಎಲ್ಲದರಲ್ಲೂ ಒಂದೇ ವೇಗದಲ್ಲಿ ಕರಗುತ್ತದೆ, ಕೋಶಿಕೆಯ ಗಾತ್ರ ಬೇರೆ ಬೇರೆ ಇರುತ್ತದೆ. ದೊಡ್ಡ ಕೋಶಿಕೆ ಸಿದ್ಧವಿದ್ದರೆ ಎರಡು-ಮೂರು ದಿನ, ಕೋಶಿಕೆಗಳ ಹೊಸ ಅಲೆ ಈಗಷ್ಟೇ ಶುರುವಾಗಿದ್ದರೆ ನಾಲ್ಕೈದು. ಬೆದೆ ನೋಡುವವರಿಲ್ಲದ ಮನೆಯಲ್ಲಿ 72 ಮತ್ತು 96 ಗಂಟೆಗೆ ಎರಡು ಸಲ ಸೆಮನ್ ಹಾಕುವ ರೂಢಿ ಇದರಿಂದ ಬಂದದ್ದು. ತೋಟದ ನಡುವೆ ದೂರ ದೂರ ಇರುವ ಮನೆಗಳಿಗೆ ಓವ್‌ಸಿಂಕ್ ಎಂಬ, ಬೆದೆ ನೋಡದೆಯೇ ಹೊತ್ತು ಗೊತ್ತುಮಾಡಿ ಸೆಮನ್ ಹಾಕುವ ಕ್ರಮ ಇನ್ನೂ ಅನುಕೂಲ: ಮೊದಲು ಅಂಡ ಬಿಡುಗಡೆ ಮಾಡಿಸುವ ಹಾರ್ಮೋನ್ ಜಿಎನ್‌ಆರ್‌ಎಚ್, 7ನೇ ದಿನ ಪ್ರೋಸ್ಟಾಗ್ಲಾಂಡಿನ್, ಅದಾದ 56 ಗಂಟೆಗೆ ಮತ್ತೆ ಜಿಎನ್‌ಆರ್‌ಎಚ್, ಅದಾದ 16ರಿಂದ 20 ಗಂಟೆಗೆ ಸೆಮನ್. ಖರ್ಚು ಹೆಚ್ಚು, ಆದರೆ ಬರುವ ಹೊತ್ತು ಮೊದಲೇ ಗೊತ್ತಿರುತ್ತದೆ.

ಕೆಲಸ ಮಾಡದಿದ್ದರೆ ಮದ್ದನ್ನು ದೂರುವ ಮೊದಲು ಅಂಡಾಶಯ ನೋಡಿ. ಕರು ಹಾಕಿ ಮೈ ಇಳಿದ ಹಸುವಿನ ಅಂಡಾಶಯ ನುಣುಪಾಗಿ, ಚಿಕ್ಕದಾಗಿರುತ್ತದೆ. ಗಂಟೇ ಇಲ್ಲದ ಮೇಲೆ ಎಷ್ಟು ಚುಚ್ಚಿದರೇನು? ಅದಕ್ಕೆ ಬೇಕಾದದ್ದು ಹಿಂಡಿ, ಮೇವು, ಖನಿಜ ಮಿಶ್ರಣ. ಗರ್ಭಕೋಶದಲ್ಲಿ ಕೀವು ತುಂಬಿ ಗಂಟು ಕರಗದೇ ಉಳಿದಿದ್ದರೆ ಮಾತ್ರ ಇದೇ ಮದ್ದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ: ಗರ್ಭಕೋಶದ ಬಾಯಿ ತೆರೆದು ಕೀವು ಹೊರಬರುತ್ತದೆ.

ಎಲ್ಲಕ್ಕಿಂತ ದುಬಾರಿ ತಪ್ಪು ಗಬ್ಬ ಪರೀಕ್ಷೆ ಮಾಡದೆ ಕೊಡುವುದು. ಹಸುವಿನಲ್ಲಿ ಸುಮಾರು 150 ದಿನದವರೆಗೆ ಗಬ್ಬ ನಿಲ್ಲುವುದು ಈ ಗಂಟಿನ ಬಲದಿಂದಲೇ, ಹಾಗಾಗಿ ಕಂದು ಹಾಕಿಬಿಡುತ್ತದೆ. ಆಡಿನಲ್ಲಂತೂ ಗಬ್ಬದ ಕೊನೆಯವರೆಗೂ ಅಪಾಯ.

ಹಂದಿಯ ಲೆಕ್ಕ ಬೇರೆ. ಅದರ ಗಂಟು ಸುಮಾರು 12ನೇ ದಿನದವರೆಗೂ ಜಗ್ಗದು, ಆದ್ದರಿಂದ ಬೆದೆ ಹೊಂದಿಸಲು ಬರುವುದಿಲ್ಲ. ಆದರೆ ಹಗಲು ಹೊತ್ತಿನಲ್ಲಿ ಮರಿ ಹಾಕಿಸಲು ಬಳಸಬಹುದು. ಗಬ್ಬದ ಅವಧಿ 114 ದಿನ, ಅಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ. 113ನೇ ದಿನ ಕ್ಲೋಪ್ರೊಸ್ಟೆನಾಲ್ 175 ಮೈಕ್ರೋಗ್ರಾಂ ಕೊಟ್ಟರೆ ಸಾಮಾನ್ಯವಾಗಿ 20ರಿಂದ 36 ಗಂಟೆಯೊಳಗೆ ಮರಿ. ಮಿಲಿಗೆ 250 ಮೈಕ್ರೋಗ್ರಾಂ ಇರುವ ಬಾಟಲಿಯಾದರೆ 0.7 ಮಿಲಿ. ಗಂಡಿಗೆ ಬಿಟ್ಟ ದಿನ ಬರೆದಿಟ್ಟಿರದಿದ್ದರೆ ಈ ಗೊಡವೆಗೆ ಹೋಗಬೇಡಿ, ನಾಲ್ಕೈದು ದಿನ ಮುಂಚೆ ಹುಟ್ಟಿದ ಮರಿಗಳಿಗೆ ಮೊಲೆ ಹಿಡಿಯುವ ಶಕ್ತಿಯೂ ಇರುವುದಿಲ್ಲ.

ಹಸು ಹಿಡಿದು ನಿಲ್ಲುವವರು ಮನೆಯ ಹೆಂಗಸರೇ ಆಗಿರುವುದು ಸಾಮಾನ್ಯ. ಈ ಮದ್ದು ಚರ್ಮದ ಮೂಲಕವೂ ಒಳಸೇರುತ್ತದೆ. ಗರ್ಭಿಣಿಗೆ ಗರ್ಭಪಾತವಾಗಬಹುದು, ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ಅವರನ್ನು ದೂರ ನಿಲ್ಲಿಸಿ, ಗ್ಲೌಸ್ ಹಾಕಿಕೊಂಡೇ ಸಿರಿಂಜ್ ತುಂಬಿ. ಮೈಮೇಲೆ ಬಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಖಾಲಿ ಬಾಟಲಿಯನ್ನು ಕೊಟ್ಟಿಗೆಯ ಅಟ್ಟದ ಮೇಲೆ ಬಿಟ್ಟುಬರಬೇಡಿ.