ನೀರಿನ ಬಿಸಿ, ನೀರಿನ ಉಪ್ಪು: ಮೀನು ತಿಂದ ಮೇವು ಎಲ್ಲಿ ಹೋಗುತ್ತದೆ?

ಈ ಪಾಠಕ್ಕೆ ಒಂದೇ ಪ್ರಶ್ನೆ ಹಿಡಿದುಕೊಂಡರೆ ಸಾಕು. ಮೇವಿನ ಶಕ್ತಿಯಲ್ಲಿ ಬರೀ ಬದುಕಿರಲು ಎಷ್ಟು ಖರ್ಚಾಯಿತು, ಮೈ ಬೆಳೆಯಲು ಎಷ್ಟು ಉಳಿಯಿತು? ಬಿಸಿ, ಉಪ್ಪು ಎರಡೂ ಬದಲಿಸುವುದು ಈ ಲೆಕ್ಕವನ್ನೇ.

ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಬಿಸಿ ಇರುತ್ತದೆ. ನೀರು 10 ಡಿಗ್ರಿ ಏರಿದರೆ ಮೈಯೊಳಗಿನ ಕೆಲಸ ಸುಮಾರು ಎರಡು ಪಟ್ಟು ಜೋರಾಗುತ್ತದೆ. ಹಸಿವೂ ಏರುತ್ತದೆ. ಆದರೆ ಒಂದು ಹಂತ ದಾಟಿದರೆ ಹಸಿವು ಕುಸಿಯುತ್ತದೆ, ಖರ್ಚು ಮಾತ್ರ ಏರುತ್ತಲೇ ಹೋಗುತ್ತದೆ. ಅದಕ್ಕೇ ಬಿಸಿಗೆ ತಕ್ಕಂತೆ ಎಳೆದ ಬೆಳವಣಿಗೆಯ ಗೆರೆ ನಿಧಾನವಾಗಿ ಏರಿ, ತುದಿ ಮುಟ್ಟಿದ ಮೇಲೆ ಥಟ್ಟನೆ ಇಳಿಯುತ್ತದೆ. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನುಗಳಿಗೆ ಆ ತುದಿ 25ರಿಂದ 32 ಡಿಗ್ರಿ ಸೆಲ್ಸಿಯಸ್ ಒಳಗೆ. ತಣ್ಣೀರಿನ ಮೀನಾದ ಟ್ರೌಟ್‌ಗೆ 15ರ ಆಸುಪಾಸು.

ಇಲ್ಲೊಂದು ವಿಷಯ ತುಂಬಾ ಮುಖ್ಯ. ಈ ಅಂಕಿಗಳು ಹೊಟ್ಟೆ ತುಂಬ ಮೇವು ಸಿಕ್ಕಾಗ ಮಾತ್ರ ನಿಜ. ಮೇವು ಕಡಿಮೆಯಾದರೆ ತುದಿ ತಂಪಿನ ಕಡೆಗೆ ಸರಿಯುತ್ತದೆ. ಒಂದು ಪ್ರಯೋಗದಲ್ಲಿ ಸಾಕೈ ಸಾಲ್ಮನ್ ಎಂಬ ತಣ್ಣೀರಿನ ಮೀನಿನ ಮರಿಗಳು ಹೊಟ್ಟೆ ತುಂಬ ತಿಂದಾಗ 15 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆದವು. ದಿನಕ್ಕೆ ಮೈತೂಕದ ಶೇ 1.5ರಷ್ಟೇ ಮೇವು ಕೊಟ್ಟಾಗ 5 ಡಿಗ್ರಿಯೇ ಒಳ್ಳೆಯದಾಯಿತು. ಬಿಸಿ ನೀರಲ್ಲಿ ಅರೆಹೊಟ್ಟೆ ಅಂದರೆ ತಿಂದದ್ದೆಲ್ಲ ಖರ್ಚಿಗೇ ಹೋಗುತ್ತದೆ, ಅಲ್ವಾ?

ಬಿಸಿಯಾದ ನೀರಲ್ಲಿ ಆಮ್ಲಜನಕವೂ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ, 30ರಲ್ಲಿ 7.5. ಮೀನಿಗೆ ಜಾಸ್ತಿ ಬೇಕಾದಾಗಲೇ ನೀರಲ್ಲಿ ಕಡಿಮೆ.

ಇನ್ನು ಉಪ್ಪು. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಹಾಗಾಗಿ ನೀರು ಸದಾ ಒಳಗೆ ನುಗ್ಗುತ್ತದೆ, ಉಪ್ಪು ಹೊರಗೆ ಸೋರುತ್ತದೆ. ಮೂತ್ರಪಿಂಡ ನೀರನ್ನು ಹೊರಹಾಕಬೇಕು, ಕಿವಿರು ಉಪ್ಪನ್ನು ಮತ್ತೆ ಎಳೆದುಕೊಳ್ಳಬೇಕು. ಎರಡಕ್ಕೂ ಶಕ್ತಿ ಬೇಕು. ರಕ್ತದ ಉಪ್ಪು ಸುಮಾರು 9ರಿಂದ 10 ಪಿಪಿಟಿ (ಸಾವಿರ ಪಾಲು ನೀರಲ್ಲಿ ಎಷ್ಟು ಪಾಲು ಉಪ್ಪು ಎಂಬ ಅಳತೆ) ನೀರಿಗೆ ಸಮ. ಹಾಗಂತ ಆ ನೀರಲ್ಲಿ ಎಲ್ಲ ಮೀನೂ ಚೆನ್ನಾಗಿ ಬೆಳೆಯುತ್ತದೆ ಅಂದುಕೊಳ್ಳಬೇಡಿ. ಗೆಂಡೆ ಜಾತಿಯ ಮೀನುಗಳಿಗೆ ಅದಕ್ಕೂ ಮೊದಲೇ ಕಷ್ಟ ಶುರುವಾಗುತ್ತದೆ. ಹೊರಗಿನ ಉಪ್ಪು ರಕ್ತವನ್ನು ಮೀರಿದರೆ ಕೆಲಸವೇ ತಿರುವುಮುರುವು: ನೀರು ಕುಡಿದು ಉಪ್ಪನ್ನು ಹೊರಹಾಕಬೇಕು. ಮೊಜಾಂಬಿಕ್ ತಿಲಾಪಿಯಾಗೆ ಅದು ಬರುತ್ತದೆ, ಸಮುದ್ರದ ನೀರಲ್ಲೂ ಬದುಕುತ್ತದೆ. ಗೆಂಡೆಗೆ ಬರುವುದಿಲ್ಲ.

ಎರಡನ್ನೂ ಬೇರೆ ಬೇರೆ ಓದಬೇಡಿ. ಉಸಿರಾಟ, ಉಪ್ಪಿನ ಹಿಡಿತ ಎರಡೂ ನಡೆಯುವುದು ಅದೇ ತೆಳ್ಳನೆ ಕಿವಿರಿನಲ್ಲಿ. ಬಿಸಿಗೆ ಆಮ್ಲಜನಕ ಸಾಲದೆ ಮೀನು ಕಿವಿರಿಗೆ ಜಾಸ್ತಿ ರಕ್ತ ಹರಿಸಿದರೆ, ಸಿಹಿನೀರಲ್ಲಿ ಉಪ್ಪಿನ ಸೋರಿಕೆಯೂ ಜಾಸ್ತಿಯಾಗುತ್ತದೆ.