ಕಾರ್ಯ ಮುಗಿದ ಮೇಲೆ: ಸಂಗಾತಿಯನ್ನು ಕಳೆದುಕೊಂಡ ಹಿರಿಯರಿಗೆ ಆಸರೆ

ಸಮಾಜಕಾರ್ಯದ ಈ ಪಾಠದಲ್ಲಿ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಒಂಟಿತನದ ಎರಡು ಬಗೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಇದನ್ನು ಬಿಡಿಸಿ ಹೇಳಿದರು. ಕೂತು ಮಾತಾಡಲು ಜನವೇ ಇಲ್ಲದಿದ್ದರೆ ಅದು ಸಾಮಾಜಿಕ ಒಂಟಿತನ. ಮನೆ ತುಂಬ ಜನರಿದ್ದೂ ತನ್ನವರೊಬ್ಬರು ಇಲ್ಲ ಅನ್ನಿಸುವುದು ಭಾವನಾತ್ಮಕ ಒಂಟಿತನ. ಭಜನಾ ಮಂಡಳಿಗೆ ಸೇರಿಸಿದರೆ ಮೊದಲನೆಯದು ಕಡಿಮೆಯಾದೀತು. ಎರಡನೆಯದು ಅಷ್ಟಕ್ಕೆ ಹೋಗುವುದಿಲ್ಲ. ‘ಮೊಮ್ಮಕ್ಕಳಿದ್ದಾರಲ್ಲ ಅಜ್ಜಿ, ಇನ್ನೇನು ಬೇಜಾರು?’ ಅನ್ನುವ ಮಾತು ಚುಚ್ಚುವುದು ಇದಕ್ಕೇ.

ಸಾವಿನ ದುಃಖವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ಸ್ಟ್ರೋಬೆ ಮತ್ತು ಸ್ಖುಟ್ 1999ರಲ್ಲಿ ಕೊಟ್ಟ ಮಾದರಿ ಪರೀಕ್ಷೆಗೂ ಬೇಕು, ಕ್ಷೇತ್ರಕಾರ್ಯಕ್ಕೂ ಬೇಕು. ಹೋದವರಿಗಾಗಿ ದುಃಖಪಡುವುದು ಒಂದು, ಬದಲಾದ ಬದುಕಿಗೆ ಒಗ್ಗಿಕೊಳ್ಳುವುದು ಇನ್ನೊಂದು. ಮನಸ್ಸು ಇವೆರಡರ ನಡುವೆ ಹೋಗಿ ಬರುತ್ತಿರುತ್ತದೆ. ಬೆಳಿಗ್ಗೆ ಫೋಟೋ ಮುಂದೆ ಅತ್ತವರು ಮಧ್ಯಾಹ್ನ ಗ್ಯಾಸ್ ಬುಕ್ ಮಾಡಲು ಕಲಿಯುತ್ತ ನಗಬಹುದು. ‘ಇಷ್ಟು ಬೇಗ ಮರೆತುಬಿಟ್ಟರು’ ಎಂದು ಆಡಿಕೊಳ್ಳುವವರಿಗೆ ಈ ಮಾದರಿ ಹೇಳಿಕೊಡಬೇಕು!

ಈಗ ನಮ್ಮ ಕಡೆಯ ವಿಷಯ. ಹನ್ನೊಂದೋ ಹದಿಮೂರೋ ದಿನ ಮನೆ ಗಿಜಿಗುಡುತ್ತದೆ. ಆಮೇಲೆ ನೆಂಟರು ಹೊರಡುತ್ತಾರೆ, ಮಕ್ಕಳ ರಜೆ ಮುಗಿಯುತ್ತದೆ. ನೆರವು ಬೇಕಾಗುವುದು ಆಗ. ಅಜ್ಜನಿಗೆ ಟೀಪುಡಿ ಯಾವ ಡಬ್ಬಿಯಲ್ಲಿದೆ ಗೊತ್ತಿರುವುದಿಲ್ಲ. ನೆಂಟರಿಗೆ ಫೋನ್ ಮಾಡುತ್ತಿದ್ದದ್ದೂ ಅಜ್ಜಿಯೇ ಆಗಿದ್ದರೆ ಬಳಗವೇ ಕಳಚಿಕೊಳ್ಳುತ್ತದೆ. ಉಳಿದವರು ಅಜ್ಜಿಯಾದರೆ ಕುಟುಂಬ ಪಿಂಚಣಿಯ ಅರ್ಜಿ, ಬ್ಯಾಂಕಿನ ಓಡಾಟ, ವರ್ಷವರ್ಷ ನವೆಂಬರಿನ ಲೈಫ್ ಸರ್ಟಿಫಿಕೇಟ್. ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನುವುದಕ್ಕಿಂತ ‘ಮಂಗಳವಾರ ಹತ್ತಕ್ಕೆ ಬರ್ತೀನಿ, ಪಾಸ್‌ಬುಕ್ ತೆಗೆದಿಟ್ಟಿರಿ’ ಅನ್ನುವುದು ಎಷ್ಟೋ ಮೇಲು.

‘ಸಮಾರಂಭಗಳಲ್ಲಿ ಭಾಗವಹಿಸಲು ಪ್ರೋತ್ಸಾಹಿಸಿ’ ಎಂದು ನೋಟ್ಸಿನಲ್ಲಿ ಬರೆಯುವುದು ಸುಲಭ. ಆದರೆ ಎಷ್ಟೋ ಮನೆಗಳಲ್ಲಿ ಗಂಡ ಸತ್ತವಳನ್ನು ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ, ಮದುವೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಅಲ್ಲಿಗೆ ಅವಳನ್ನು ಸುಮ್ನೆ ಕಳಿಸಿದರೆ ನೋವು ಜಾಸ್ತಿಯಾಗುತ್ತದೆ, ಅಲ್ವಾ? ಬದಲಾಗಬೇಕಾದವರು ಕರೆಯುವ ಮನೆಯವರು. ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಾಕಲು ಅಜ್ಜಿಯನ್ನೇ ಮುಂದೆ ಕರೆಯಿರಿ ಎಂದು ಮಗನಿಗೆ ಮೊದಲೇ ಹೇಳುವುದೂ ಸಮಾಜಕಾರ್ಯವೇ.

ನನಗೆ ತುಂಬ ಹಿಡಿಸಿದ್ದು ಅಮೆರಿಕದ ಸಮಾಜಕಾರ್ಯಕರ್ತೆ ಫಿಲಿಸ್ ಸಿಲ್ವರ್‌ಮನ್ 1960ರ ದಶಕದಲ್ಲಿ ಬಾಸ್ಟನ್‌ನಲ್ಲಿ ರೂಪಿಸಿದ ಕಾರ್ಯಕ್ರಮ. ಗಂಡನನ್ನು ಕಳೆದುಕೊಂಡು ಸುಧಾರಿಸಿಕೊಂಡ ಹೆಂಗಸರೇ ಹೊಸದಾಗಿ ಆ ಸ್ಥಿತಿಗೆ ಬಂದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವರಾಗಿ ಕರೆಯಲಿ ಎಂದು ಕಾಯುತ್ತಿರಲಿಲ್ಲ. ನಮ್ಮ ಸ್ತ್ರೀಶಕ್ತಿ ಗುಂಪುಗಳಲ್ಲೂ ಇದನ್ನು ಮಾಡಬಹುದು.

ಆರು ತಿಂಗಳು ಕಳೆದರೂ ತೀವ್ರ ದುಃಖ ಇಳಿಯದೆ, ದಿನದ ಕೆಲಸವೇ ನಿಂತುಹೋಗಿದ್ದರೆ ಮನೋವೈದ್ಯರಿಗೆ ತೋರಿಸಬೇಕು. ‘ನಾನೂ ಹೋಗಿಬಿಡ್ತೀನಿ’ ಎಂದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567.